ಹಳೇ ವ್ಯಾಗನ್ ಆರ್: ಯಾವ ರಿಪೇರಿ ಮೊದಲು, ಎಷ್ಟು ಖರ್ಚು

ಪುಣೆಯ ವಾರ್ಜೆಯಲ್ಲಿ, ಹೈವೇ ಪಕ್ಕದಲ್ಲೇ ನನ್ನ ಗ್ಯಾರೇಜ್. ಊರು ಇಂಡಿ. ಇಲ್ಲಿರುವ ನಮ್ಮ ಕಡೆಯವರು ಬೆಳಗಾವಿ, ಹುಬ್ಬಳ್ಳಿಗೆ ಹೊರಡುವ ಮುಂಚೆ ಗಾಡಿ ತೋರಿಸಿಕೊಂಡು ಹೋಗುತ್ತಾರೆ. ಅದರಲ್ಲಿ ಜಾಸ್ತಿ ಬರುವುದು 2010ರ ನಂತರದ ವ್ಯಾಗನ್ ಆರ್. 998 ಸಿಸಿ, ಮೂರು ಸಿಲಿಂಡರಿನ ಕೆ10ಬಿ ಎಂಜಿನ್. ಇದರಲ್ಲಿ ಆಗಾಗ ಬದಲಿಸಬೇಕಾದ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದರೆ ಎಂಜಿನ್ ತಂಟೆಗೆ ಬರುವುದಿಲ್ಲ. ತಂಟೆ ಬರುವುದು ಅದರ ಸುತ್ತಲಿನ ಸಾಮಾನಿನಿಂದ. ಕೆಳಗೆ ಬರೆದ ರೇಟು ನಮ್ಮಂಥ ಸಣ್ಣ ಗ್ಯಾರೇಜಿನದು, ಲೇಬರ್ ಸೇರಿಸಿ. ಒಂದೊಂದು ಕಡೆ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ.

ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಮೊದಲು ಬ್ರೇಕ್, ಆಮೇಲೆ ಕೂಲಿಂಗ್, ಆಮೇಲೆ ಸ್ಟೇರಿಂಗ್ ಮತ್ತು ಸಸ್ಪೆನ್ಷನ್. ಎಸಿ, ಪೇಂಟ್, ಮ್ಯೂಸಿಕ್ ಸಿಸ್ಟಂ ಎಲ್ಲ ಕೊನೆಗೆ. ಈ ಕ್ರಮ ತಪ್ಪಿಸಬೇಡಿ ಎಂದು ಬಂದವರಿಗೆಲ್ಲ ಕೈಮುಗಿದು ಹೇಳುತ್ತೇನೆ.

ಬ್ರೇಕಿನದು ದೊಡ್ಡ ಖರ್ಚಲ್ಲ. ಮುಂದಿನ ಪ್ಯಾಡ್ 1,200ರಿಂದ 1,600 ರೂಪಾಯಿ, ಹಿಂದಿನ ಶೂ ಕೂಡ ಹೆಚ್ಚು ಕಡಿಮೆ ಅಷ್ಟೇ. ಹಿಂದಿನ ಚಕ್ರದ ಒಳಮೈ ಒದ್ದೆಯಾಗಿ ಕಂಡರೆ ವೀಲ್ ಸಿಲಿಂಡರಿನಿಂದ ಬ್ರೇಕ್ ಆಯಿಲ್ ಸೋರುತ್ತಿದೆ ಎಂದು ತಿಳಿಯಿರಿ. ಆ ಗಾಡಿಯನ್ನು ಅವತ್ತೇ ನಿಲ್ಲಿಸಿ.

ಕೂಲಿಂಗ್ ಪರೀಕ್ಷೆಯನ್ನು ನೀವೇ ಮಾಡಬಹುದು. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಕ್ಯಾಪ್ ತೆಗೆಯಿರಿ. ಬಿಸಿ ಇದ್ದಾಗ ಮಾತ್ರ ಮುಟ್ಟಲೇಬೇಡಿ, ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಒಳಗೆ ಕೂಲಂಟ್‌ನ ಹಸಿರೋ ನೀಲಿಯೋ ಬಣ್ಣ ಕಾಣಬೇಕು. ಕೆಂಪು ಮಣ್ಣಿನ ನೀರಿನ ಹಾಗಿದ್ದರೆ ಯಾರೋ ನಲ್ಲಿ ನೀರು ಸುರಿದಿದ್ದಾರೆ, ಒಳಗೆ ತುಕ್ಕು ಹಿಡಿದಿದೆ. ಕ್ಯಾಪ್ ಹಾಕಿ, ಗಾಡಿ ಸ್ಟಾರ್ಟ್ ಮಾಡಿ, ಎಸಿ ಆನ್ ಮಾಡಿ, ಬಾನೆಟ್ ಎತ್ತಿ ನಿಂತು ನೋಡಿ. ಮುಂದಿನ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಮೊದಲು ಫ್ಯೂಸ್, ಫ್ಯಾನಿಗೆ ಕರೆಂಟ್ ಬಿಡುವ ರಿಲೇ ನೋಡಿಸಿ. ಬರೀ ರಿಲೇ ಹೋಗಿದ್ದಕ್ಕೆ ಮೋಟರ್ ಬದಲಿಸಿಕೊಂಡು ಬಂದವರನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಫ್ಯಾನ್ ಮೋಟರಿಗೆ 2,000ದಿಂದ 3,000, ಎಂಜಿನ್ ಬಿಸಿಯಾಗುವವರೆಗೆ ಕೂಲಂಟ್ ತಡೆಯುವ ಥರ್ಮೋಸ್ಟಾಟ್‌ಗೆ ಸಾವಿರದ ಆಸುಪಾಸು, ವಾಟರ್ ಪಂಪಿಗೆ 2,000ದಿಂದ 2,800. ಇದನ್ನು ಸರಿ ಮಾಡಿಸದೆ, ನಾಲ್ಕು ಜನ ಲಗೇಜ್ ಸಮೇತ ಎಸಿ ಹಾಕಿಕೊಂಡು ಸಾತಾರಾ ದಾರಿಯ ಖಂಬಾಟ್ಕಿ ಘಾಟ್ ಹತ್ತಿದರೆ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಹೆಡ್ ಕೆಳಗಿನ ಸೀಲ್, ಹೋಗುತ್ತದೆ. ಆಗ 10,000ದ ಮೇಲೆಯೇ. ಥರ್ಮೋಸ್ಟಾಟ್ ತೆಗೆದು ಬಿಸಾಕಿ, ಗಾಡಿ ತಣ್ಣಗಿರುತ್ತದೆ ಎನ್ನುವವರೂ ಇದ್ದಾರೆ. ಕೇಳಬೇಡಿ. ಎಂಜಿನ್ ಹದಕ್ಕೆ ಬರುವುದೇ ಇಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ.

ಇನ್ನು ಸಸ್ಪೆನ್ಷನ್, ಅಂದರೆ ಗುಂಡಿಯ ಏಟು ತಡೆಯುವ ಶಾಕಪ್, ಸ್ಪ್ರಿಂಗ್ ಮುಂತಾದ ಸಾಮಾನು. ಜನ ಸುಮ್ನೆ ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಹೋದ ಮಳೆಗಾಲದಲ್ಲಿ ಧಾರವಾಡದ ಹಿರಿಯರೊಬ್ಬರು ಬಂದರು. "ತಮ್ಮಾ, ಸ್ಟೇರಿಂಗ್ ತಿರುವಿದ್ರ ಕಟಕಟ ಅಂತೈತಿ. ನಾಲ್ಕೂ ಶಾಕಪ್ ಹೋಗ್ಯಾವು ಅಂದ್ರು, ಹನ್ನೆರಡು ಸಾವಿರ ಹೇಳ್ಯಾರ," ಅಂದರು. ಗಾಡಿ ನಿಲ್ಲಿಸಿ ಅವರನ್ನೇ ಸ್ಟೇರಿಂಗ್ ಹಿಡಿದು ಕೂರಿಸಿದೆ. ಮುಂದಿನ ಎಡ ಚಕ್ರದ ಮೇಲಿನ ಸ್ಪ್ರಿಂಗ್ ಮೇಲೆ ಅಂಗೈ ಇಟ್ಟು, "ನಿಧಾನಕ್ಕೆ ತಿರುಗಿಸ್ರಿ ಕಾಕಾ" ಅಂದೆ. ಸ್ಪ್ರಿಂಗ್ ಸ್ವಲ್ಪ ಬಿಗಿದುಕೊಂಡು, ಒಮ್ಮೆಲೇ ಟಕ್ ಎಂದು ಬಿಡುವುದು ಕೈಗೆ ಗೊತ್ತಾಯಿತು. ಶಾಕಪ್ ಗಟ್ಟಿಯಾಗಿತ್ತು, ಎಣ್ಣೆ ಸೋರಿರಲಿಲ್ಲ. ಹೋಗಿದ್ದು ಶಾಕಪ್ಪಿನ ಮೇಲ್ತುದಿಯನ್ನು ಬಾಡಿಗೆ ಹಿಡಿಸುವ ಮೌಂಟಿನ ಬೇರಿಂಗ್. ಎರಡೂ ಕಡೆ ಬದಲಿಸಿ 2,200ಕ್ಕೆ ಕೆಲಸ ಮುಗಿಯಿತು.

ಹಾಗಾಗಿ ಶಬ್ದ ಯಾವಾಗ ಬರುತ್ತದೆ ಎಂದು ಗಮನಿಸಿ ಗ್ಯಾರೇಜಿಗೆ ಬನ್ನಿ. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಬಂದರೆ ಮೌಂಟ್. ಸಣ್ಣ ಸಣ್ಣ ಗುಂಡಿಗಳಲ್ಲಿ ಗಡಗಡ ಎಂದರೆ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್‌ನ ಬುಷ್ ಅಥವಾ ಬಾಲ್ ಜಾಯಿಂಟ್. ಆರ್ಮ್ ಒಂದಕ್ಕೆ 1,500ರ ಆಸುಪಾಸು. ಪೂರ್ತಿ ಸ್ಟೇರಿಂಗ್ ತಿರುಗಿಸಿ ಮುಂದೆ ಹೋಗುವಾಗ ಕಟಕಟ ಎಂದರೆ ಆಕ್ಸಲ್ ಜಾಯಿಂಟ್. ಗಾಡಿ ಹಾರಿ ಹಾರಿ ಹೋದರೆ, ಶಾಕಪ್ ಮೇಲೆ ಎಣ್ಣೆಯ ಜಿಡ್ಡು ಕಂಡರೆ ಆಗ ಮಾತ್ರ ಶಾಕಪ್. ಬದಲಿಸಿದ ಹಳೇ ಪಾರ್ಟ್ ಕೈಗೆ ಕೊಡಿ ಎಂದು ಕೇಳಿ. ಅದು ನಿಮ್ಮದೇ ಸಾಮಾನು, ಸಂಕೋಚ ಯಾಕೆ?

ಕ್ಲಚ್ ಪೆಡಲ್ ಗಟ್ಟಿಯಾಗಿದ್ದರೆ ಪ್ಲೇಟ್ ಬದಲಿಸುವ ಮುಂಚೆ ಕ್ಲಚ್ ವೈರ್ ನೋಡಿಸಿ. 600-800ರಲ್ಲಿ ಮುಗಿಯಬಹುದು. ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಕೂಗಿ, ಗಾಡಿ ಓಡದಿದ್ದರೆ ಮಾತ್ರ ಪೂರ್ತಿ ಸೆಟ್, 5,500ರಿಂದ 7,000. ಮಳೆಯಲ್ಲಿ ಎಂಜಿನ್ ಜರ್ಕ್ ಹೊಡೆದರೆ ಒಂದು ಸಿಲಿಂಡರಿನ ಸ್ಪಾರ್ಕ್ ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್ ತೆಗೆದು ಪಕ್ಕದ್ದಕ್ಕೆ ಹಾಕಿ ನೋಡುತ್ತೇವೆ. ತೊಂದರೆ ಅದರ ಜೊತೆ ಹೋದರೆ ಕಾಯಿಲ್ ಕೆಟ್ಟಿದೆ. ಮೂರನ್ನೂ ಬದಲಿಸಬೇಕಾಗಿಲ್ಲ. ಪಾರ್ಟ್ಸ್ ನೀವೇ ತರುವುದಾದರೆ ಪುಣೆಯ ಪಾರ್ಟ್ಸ್ ಅಂಗಡಿಗಳಿರುವ ನಾನಾ ಪೇಠಕ್ಕೆ ಹೋಗಿ, ಬಿಲ್ ಕೇಳಿ ತನ್ನಿ.

ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರಿಗೆ ಇನ್ನೊಂದು ಮಾತು. 2024ರ ಜುಲೈನಲ್ಲಿ ಖಡಕವಾಸ್ಲಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಪುಣೆಯ ಸಿಂಹಗಡ ರಸ್ತೆಯ ಏಕತಾ ನಗರಿಗೆ ಮುಠಾ ನದಿ ನುಗ್ಗಿತ್ತು. ಹಾಗೆ ನೀರಲ್ಲಿ ನಿಂತ ಗಾಡಿಯನ್ನು ತೊಳೆದು ಪಾಲಿಶ್ ಮಾಡಿದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ, ಕೆಸರಿನ ಗೆರೆ ಉಳಿದಿರುತ್ತದೆ. ಸೀಟಿನ ಹಳಿ, ಸ್ಟೆಪ್ನಿ ಇಡುವ ಗುಂಡಿ, ಬಾಗಿಲಿನ ಕೆಳ ಅಂಚು ಮುಟ್ಟಿ ನೋಡಿ. ತುಕ್ಕು ಚಕ್ಕೆಚಕ್ಕೆಯಾಗಿ ಕೈಗೆ ಬಂದರೆ ಎಷ್ಟೇ ಅಗ್ಗವಾದರೂ ಬೇಡ.

15 ವರ್ಷ ಮುಟ್ಟುತ್ತಿರುವ ಗಾಡಿಗೆ ದೊಡ್ಡ ಖರ್ಚು ಮಾಡುವ ಮುಂಚೆ ಆರ್‌ಟಿಒ ಲೆಕ್ಕ ಹಾಕಿ. ಗಾಡಿ ನೋಂದಣಿಯ ರಿನ್ಯೂವಲ್ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿ ಆಗಿದೆ, ಮಹಾರಾಷ್ಟ್ರದ ಪರಿಸರ ತೆರಿಗೆ ಬೇರೆ. ಪಾಸಾದರೆ ಐದು ವರ್ಷ ಸಿಗುತ್ತದೆ. ಬಾಡಿ ಗಟ್ಟಿ ಇದ್ದು, ರಿಪೇರಿ 25,000ದೊಳಗೆ ಮುಗಿಯುವುದಾದರೆ ಮಾಡಿಸಿ ಇಟ್ಟುಕೊಳ್ಳಿ ಎನ್ನುತ್ತೇನೆ. ಚಾಸಿಗೇ ತುಕ್ಕು ಹಿಡಿದಿದ್ದರೆ ಒಂದು ರೂಪಾಯಿಯೂ ಹಾಕಬೇಡಿ.