ಅಷ್ಟಮಿ ಸಂಜೆ, ದಿವಾರ್ ದಂಡೆ, 292 ರೂಪಾಯಿ

ಪಣಜಿಗೆ ಬಂದು ಮೂರು ವರ್ಷವಾಯ್ತು. ಧಾರವಾಡದಿಂದ ಯಾರೇ ಫೋನ್ ಮಾಡಲಿ, ಮೊದಲ ಮಾತು ಒಂದೇ: "ನಿಂದೇನಪ್ಪ, ದಿನಾ ಬೀಚು!" ನಿಜ ಹೇಳಬೇಕೆಂದರೆ ಕಳೆದ ವರ್ಷ ನಾನು ಬೀಚಿಗೆ ಹೋದದ್ದು ಎರಡೇ ಸಲ. ಸಣ್ಣ ಆಫೀಸಿನಲ್ಲಿ ಲೆಕ್ಕ ಬರೆಯುವವನು ನಾನು. ಬೀಚಿನ ಶ್ಯಾಕ್‌ನಲ್ಲಿ ಕೂತು ಬಿಲ್ಲು ನೋಡಿದರೆ ತಿಂದದ್ದು ಅರಗುವುದಿಲ್ಲ. ಮಾಂಡೋವಿ ನದಿಯಲ್ಲಿ ಸಂಜೆ ಕ್ರೂಸ್ ಬೋಟುಗಳಿವೆ, ಹಾಡು ಕುಣಿತ ಎಲ್ಲ ಇದೆ. ನಾಲ್ಕು ಜನ ಹತ್ತಿದರೆ ವಾರದ ಸಂತೆಯ ದುಡ್ಡು ಹೋಗುತ್ತದೆ.

ಅದಕ್ಕೇ ನಾನು ಹಿಡಿದದ್ದು ಫೆರಿ. ನಡೆದು ಹತ್ತುವವರಿಗೆ ಟಿಕೆಟ್ ಇಲ್ಲ. ಓಲ್ಡ್ ಗೋವಾದಿಂದ ದಿವಾರ್ ದ್ವೀಪಕ್ಕೆ ನದಿ ದಾಟಿಸುತ್ತದೆ, ಆಚೆ ದಂಡೆಯಲ್ಲಿ ಕೂತು ತಿಂದು, ಮತ್ತೆ ಅದರಲ್ಲೇ ವಾಪಸ್. ಕೇಳಲು ಸುಲಭ. ಆದರೆ ಮೊದಲ ಸಲ ನಾನು ಎರಡು ತಪ್ಪು ಮಾಡಿದೆ. ಒಂದಕ್ಕೆ ಮಾನ ಹೋಯಿತು, ಇನ್ನೊಂದಕ್ಕೆ ದುಡ್ಡು.

ಕಾರ್ತಿಕ ಹುಣ್ಣಿಮೆ. ನದಿ, ಬೆಳದಿಂಗಳು, ಬುತ್ತಿ ಅಂತ ನಾನೇ ಎಲ್ಲರನ್ನೂ ಹುರಿದುಂಬಿಸಿದ್ದೆ. ಕೆಳಗಿನ ಮನೆಯ ಅಕ್ಕ, ಅವರ ಯಜಮಾನರು, ಅವರ ಹತ್ತು ವರ್ಷದ ಮಗ, ಮತ್ತೆ ನಾನು. ಅಕ್ಕ ವಿಜಯಪುರದ ಕಡೆಯವರು. ಜೋಳದ ರೊಟ್ಟಿ, ಎಣ್ಣೆಗಾಯಿ, ಮೊಸರು ಎಲ್ಲ ಕಟ್ಟಿಕೊಂಡಿದ್ದರು. ಆರು ಗಂಟೆ ಸುಮಾರಿಗೆ ದಿವಾರ್ ದಂಡೆಗೆ ಇಳಿದರೆ ನೀರು ಎಲ್ಲೋ ದೂರಕ್ಕೆ ಸರಿದಿತ್ತು. ಮುಂದೆ ಬರೀ ಕಪ್ಪು ಕೆಸರು, ಕಾಂಡ್ಲಾ ಗಿಡಗಳ ಬೇರು, ಕೊಳೆತ ವಾಸನೆ. ಅಕ್ಕ ಬುತ್ತಿ ಕೆಳಗಿಡದೆ ನನ್ನ ಮುಖ ನೋಡಿದರು.

"ತಮ್ಮಾ, ನೀರ ಎಲ್ಲಿ ಐತೋ? ಬರೇ ರಾಡಿ ತೋರಸಾಕ ಕರಕೊಂಡ ಬಂದಿಯೇನ?"

ಹುಡುಗನಿಗೆ ಮಾತ್ರ ಖುಷಿಯೋ ಖುಷಿ. ಕೆಸರಿನ ಮೇಲೆ ಕುಪ್ಪಳಿಸುವ ಸಣ್ಣ ಮೀನುಗಳಿದ್ದವು. ಮೀನು ನೆಲದ ಮೇಲೆ ಓಡಾಡುವುದನ್ನು ಅವನು ಮೊದಲ ಸಲ ನೋಡಿದ್ದು. ಬೆಳ್ಳಕ್ಕಿಗಳು ಬಂದು ಅವುಗಳ ಬೆನ್ನು ಹತ್ತಿದ್ದವು.

ಅಲ್ಲೇ ಗಾಳ ಹಾಕಿಕೊಂಡು ಕೂತಿದ್ದ ಮುದುಕರೊಬ್ಬರು ನಮ್ಮ ಪೆಚ್ಚು ಮೋರೆ ನೋಡಿ ನಕ್ಕರು. ಕೊಂಕಣಿಯಲ್ಲಿ ಹೇಳಿದರು: ಇದು ಸುಕ್ತಿ, ಇಳಿತ. ಭರ್ತಿ, ಅಂದರೆ ಉಬ್ಬರ, ನೋಡಬೇಕಾದರೆ ಮಧ್ಯಾಹ್ನ ಬರಬೇಕಿತ್ತು, ಇಲ್ಲವೇ ಮಧ್ಯರಾತ್ರಿ ತನಕ ಕೂರಬೇಕು. ಹುಣ್ಣಿಮೆ, ಅಮಾಸೆ ಸಂಜೆ ಇಲ್ಲಿ ಯಾವತ್ತೂ ಹೀಗೇ.

ಆಮೇಲೆ ಮನೆಗೆ ಬಂದು ಕ್ಯಾಲೆಂಡರ್ ಹಿಡಿದು ಲೆಕ್ಕ ಹಾಕಿದೆ. ಲೆಕ್ಕ ಬರೆಯುವವನಲ್ವಾ, ಸೋಲೊಪ್ಪಲು ಮನಸ್ಸಿಲ್ಲ. ಮಾಂಡೋವಿ ಇಷ್ಟು ಒಳಗೂ ಸಮುದ್ರದ ಮಾತು ಕೇಳುವ ನದಿ. ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಉಬ್ಬರದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆಗೆ ಮಧ್ಯಾಹ್ನ ಉಬ್ಬರವಾದರೆ ಏಳು ದಿನಕ್ಕೆ ಅದು ಆರು ತಾಸು ಸರಿದು ಸಂಜೆಗೆ ಬಂದು ನಿಲ್ಲುತ್ತದೆ. ಅಂದರೆ ಅಷ್ಟಮಿ ಆಸುಪಾಸು. ಹುಣ್ಣಿಮೆ ಅಮಾವಾಸ್ಯೆಯಷ್ಟು ದೊಡ್ಡ ಉಬ್ಬರವಲ್ಲ, ಆದರೆ ದೊಡ್ಡ ಇಳಿತವೂ ಇಲ್ಲ. ಹೀಗಾಗಿ ಕೆಸರು ಅಷ್ಟು ಬಾಯಿ ಬಿಡುವುದಿಲ್ಲ.

ಇನ್ನೂ ಒಂದು ಲಾಭ ಆಮೇಲೆ ಹೊಳೆಯಿತು. ಕೃಷ್ಣ ಪಕ್ಷದ ಅಷ್ಟಮಿಗೆ ಚಂದ್ರ ಹುಟ್ಟುವುದೇ ನಡುರಾತ್ರಿ, ಕೆಲಸಕ್ಕೆ ಬಾರದು. ಶುಕ್ಲ ಪಕ್ಷದ ಅಷ್ಟಮಿಗೆ ಸೂರ್ಯ ಮುಳುಗುವ ಹೊತ್ತಿಗೆ ಅರ್ಧ ಚಂದ್ರ ಆಗಲೇ ನೆತ್ತಿಯ ಮೇಲೆ ಇರುತ್ತಾನೆ. ನೀರೂ ಉಂಟು, ಬೆಳಕೂ ಉಂಟು. ನೋಡಿ, ಹುಣ್ಣಿಮೆ ಅಂತ ನಾನು ಸುಮ್ನೆ ಮರುಳಾಗಿದ್ದೆ.

ಎರಡನೇ ತಪ್ಪು ಬಸ್ಸಿನದ್ದು. ಅವತ್ತು ರೊಟ್ಟಿ ತಿಂದು, ಸಿಟ್ಟು ಇಳಿದು, ಹರಟೆ ಹೊಡೆದು ಓಲ್ಡ್ ಗೋವಾಕ್ಕೆ ಮರಳುವಾಗ ಒಂಬತ್ತು ದಾಟಿತ್ತು. ಬಸ್ಸು ಒಂದೂ ಇಲ್ಲ. ಒಬ್ಬ ಪೈಲಟ್ ನಿಂತಿದ್ದ. ವಿಮಾನದವನಲ್ಲ, ಗೋವಾದಲ್ಲಿ ಬಾಡಿಗೆ ಬೈಕ್ ಓಡಿಸುವವನಿಗೆ ಹಾಗೇ ಅನ್ನುತ್ತಾರೆ. ಹಳದಿ ಮಡ್‌ಗಾರ್ಡ್ ನೋಡಿ ಗುರುತು ಹಿಡಿಯಬೇಕು. ಅವನ ಹಿಂದೆ ಒಬ್ಬರು ಕೂರಬಹುದು, ನಾವು ನಾಲ್ವರು. ಕೊನೆಗೆ ಒಂದು ರಿಕ್ಷಾ ಸಿಕ್ಕಿತು, 400 ಕೇಳಿದ, 350ಕ್ಕೆ ಬಂದ. ಪುಕ್ಕಟೆ ಪಿಕ್ನಿಕ್ ಅಂತ ಹೊರಟವರ ಗತಿ ಅದು.

ಮಾರ್ಗಶಿರದ ಶುಕ್ಲ ಅಷ್ಟಮಿಗೆ ಮತ್ತೆ ಹೊರಟೆವು. ಅಕ್ಕ ಬರುತ್ತಾರೋ ಇಲ್ಲವೋ ಅಂತ ಅನುಮಾನವಿತ್ತು. "ಈ ಸಲ ನೀರ ಇರಲಿಲ್ಲಾ ಅಂದ್ರ ನಿನ್ನ ಅದರಾಗ ನೂಕತೇನಿ" ಅಂದು ಚೀಲ ಹಿಡಿದು ಬಂದರು.

ಪಣಜಿ ಬಸ್ ನಿಲ್ದಾಣದಿಂದ ಫೋಂಡಾ ಕಡೆಗೆ ಹೋಗುವ ಬಸ್ಸು ಓಲ್ಡ್ ಗೋವಾ ಮೇಲೆಯೇ ಹೋಗುತ್ತದೆ. ನಾವು ಕೊಟ್ಟದ್ದು ತಲೆಗೆ 20 ರೂಪಾಯಿ. ಬಲಗಡೆ ಸೀಟು ಹಿಡಿಯಬೇಡಿ, ಎಡಗಡೆ ಕೂತರೆ ರಾಯಬಂದರ್ ತನಕ ನದಿ ಪಕ್ಕದಲ್ಲೇ ಬರುತ್ತದೆ. ಪಣಜಿಯಿಂದ ಹೊರಬೀಳುವ ಆ ಉದ್ದನೆ ಕಲ್ಲುಸೇತುವೆ 1630ರ ದಶಕದಲ್ಲಿ ಪೋರ್ಚುಗೀಸರು ಕಟ್ಟಿದ್ದು, ಮೂರು ಕಿಲೋಮೀಟರಿಗೂ ಉದ್ದ. ಬಸ್ಸು ಇವತ್ತಿಗೂ ಅದರ ಮೇಲೆಯೇ ಓಡುತ್ತದೆ.

ಓಲ್ಡ್ ಗೋವಾದಲ್ಲಿ ಇಳಿದು ನದಿ ಕಡೆ ಹತ್ತು ನಿಮಿಷ ನಡೆದರೆ ವೈಸರಾಯ್ ಕಮಾನು. ಕೆಂಪು ಕಲ್ಲಿನದು, ವಾಸ್ಕೋ ಡ ಗಾಮನ ಮರಿಮಗ ವೈಸರಾಯ್ ಆಗಿದ್ದಾಗ ಮುತ್ತಜ್ಜನ ನೆನಪಿಗೆ ಕಟ್ಟಿಸಿದ್ದು. ಹೊಸ ವೈಸರಾಯ್ ಹಡಗಿಳಿದು ಊರೊಳಗೆ ಬರುವಾಗ ಈ ಬಾಗಿಲಿನಿಂದಲೇ ಬರಬೇಕಿತ್ತಂತೆ. ನಾವು ಚುರಮುರಿ ಚೀಲ ಹಿಡಿದು ಅದೇ ಬಾಗಿಲಿನಿಂದ ಹೊರಗೆ ಹೋದೆವು.

ಊಟದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಅಲ್ಲೇ ದುಡ್ಡು ಉಳಿಯುವುದು. ಈ ಸಲ ರೊಟ್ಟಿ ಬೇಡ, ಗಿರ್ಮಿಟ್ ಅಂತ ನಿರ್ಧಾರವಾಯಿತು. ಧಾರವಾಡದವನಿಗೆ ಸಂಜೆ ಅಂದರೆ ಗಿರ್ಮಿಟ್ಟೇ. ಆದರೆ ಮನೆಯಲ್ಲೇ ಕಲಸಿ ಒಯ್ದರೆ ದಾರಿಯಲ್ಲೇ ಮೆತ್ತಗಾಗಿ ಹಾಳು. ಹಾಗಾಗಿ ಈರುಳ್ಳಿ, ಹಸಿಮೆಣಸಿನಕಾಯಿ, ಹುಣಸೆ, ಬೆಲ್ಲ ಹಾಕಿದ ಗೊಜ್ಜನ್ನು ಅಕ್ಕ ಬೆಳಿಗ್ಗೆಯೇ ಕುದಿಸಿ ಸ್ಟೀಲ್ ಡಬ್ಬಿಗೆ ತುಂಬಿದರು. ಪುಟಾಣಿ ಹಿಟ್ಟು ಬೇರೆ ಪೊಟ್ಟಣ, ಶೇವು ಬೇರೆ, ಚುರಮುರಿ ಬಟ್ಟೆ ಚೀಲದಲ್ಲಿ. ಒಂದು ದೊಡ್ಡ ಪಾತ್ರೆ. ಅಲ್ಲಿ ಕೂತ ಮೇಲೆ ಕಲಸುವುದು, ಕಲಸಿದ ತಕ್ಷಣ ತಿನ್ನುವುದು. ಜೊತೆಗೆ ಶೇಂಗಾ ಚಟ್ನಿ ಪುಡಿ, ಮೊಸರು. ಮನೆ ಬಾಗಿಲಿಗೆ ಸೈಕಲ್ ಮೇಲೆ ಪೋಂ ಪೋಂ ಅಂತ ಬರುವ ಬ್ರೆಡ್ಡಿನವನ, ಅಂದರೆ ಪೊದೇರನ ಹತ್ತಿರ ಆರು ಪೊಯ್ ತಗೊಂಡೆ. ಪೊಯ್ ಅಂದರೆ ತೌಡು ಮೆತ್ತಿದ, ಒಳಗೆ ಟೊಳ್ಳಿರುವ ಗೋವಾದ ಬ್ರೆಡ್ಡು. ಅದನ್ನು ಸೀಳಿ ಮೊಸರು, ಶೇಂಗಾ ಚಟ್ನಿ ಹಚ್ಚಿ ತಿಂದು ನೋಡಿ. ಗೋವಾದವರು ಏನಂದುಕೊಳ್ಳುತ್ತಾರೋ ಗೊತ್ತಿಲ್ಲ, ನಮಗಂತೂ ಹಿಡಿಸಿತು.

ಸ್ಟವ್ ಒಯ್ದು ಅಲ್ಲೇ ಚಹಾ ಕುದಿಸೋಣ ಅಂತ ಯಜಮಾನರು ಹಟ ಹಿಡಿದಿದ್ದರು. ಬೇಡ ಅಂದೆ. ಗೋವಾದಲ್ಲಿ ಪ್ರವಾಸಿ ಜಾಗಗಳಲ್ಲಿ ಬಯಲಲ್ಲಿ ಅಡುಗೆ ಮಾಡುವುದು, ಕುಡಿಯುವುದು, ಬಾಟಲಿ ಒಡೆಯುವುದು 2019ರ ತಿದ್ದುಪಡಿಯಿಂದ ದಂಡದ ಅಪರಾಧ. ಫ್ಲಾಸ್ಕ್‌ನಲ್ಲಿ ಚಹಾ ಒಯ್ದೆವು.

ಫೆರಿಯಲ್ಲಿ ಬೈಕು, ಸೈಕಲ್ಲು, ಮೀನಿನ ಬುಟ್ಟಿ ಎಲ್ಲ ಒಟ್ಟಿಗೆ. ನಾವು ಮಾತಾಡುವುದು ಕೇಳಿ ತಲೆಗೆ ಟವೆಲ್ ಸುತ್ತಿದ್ದ ಒಬ್ಬರು ಹತ್ತಿರ ಬಂದರು.

"ಯಾವ ಊರವ್ರಿ ನೀವು?"

"ಧಾರವಾಡ್ರಿ. ನೀವು?"

"ಇಳಕಲ್ ಹತ್ರ್ರೀ. ಇಲ್ಲೆ ಗೌಂಡಿ ಕೆಲಸ."

ಅಷ್ಟರಲ್ಲಿ ದಂಡೆ ಬಂದೇ ಬಿಟ್ಟಿತು.

ಈ ಸಲ ನೀರು ಕಲ್ಲಿನ ಅಂಚಿನ ತನಕ ತುಂಬಿತ್ತು. ನಾನು ಏನೂ ಹೇಳಲಿಲ್ಲ, ಸುಮ್ಮನೆ ಅಕ್ಕನ ಕಡೆ ನೋಡಿದೆ. ಅವರೂ ಏನೂ ಹೇಳಲಿಲ್ಲ, ಚೀಲ ಕೆಳಗಿಟ್ಟರು. ನನಗೆ ಅಷ್ಟೇ ಸಾಕಿತ್ತು.

ಕೂತದ್ದು ಇಳಿದ ಜಾಗದಿಂದ ತುಸು ದೂರ, ಒಡ್ಡಿನ ಮೇಲೆ. ಉಪ್ಪುನೀರು ಗದ್ದೆಗೆ ನುಗ್ಗದಂತೆ ಹಾಕಿದ ಒಡ್ಡು ಅದು. ಇಂಥ ಗದ್ದೆಗಳಿಗೆ ಇಲ್ಲಿ ಖಾಜನ್ ಅನ್ನುತ್ತಾರೆ. ಒಡ್ಡನ್ನು ಕೆದಕಬಾರದು, ಗದ್ದೆಯೊಳಗೆ ಇಳಿಯಬಾರದು, ಅದು ಯಾರದೋ ಅನ್ನ. ನೀರಿಗೂ ಇಳಿಯಬೇಡಿ. ಹತ್ತಿರದ ಕುಂಭಾರ್ಜುವಾ ಕಾಲುವೆಯಲ್ಲಿ ಮೊಸಳೆಗಳಿವೆ. ಇದನ್ನು ಹೇಳಿದ್ದೇ ತಡ, ನೀರಲ್ಲಿ ಕಾಲು ಆಡಿಸುತ್ತಿದ್ದ ಹುಡುಗ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ.

ಡಿಸೆಂಬರಿನಲ್ಲಿ ಆರು ದಾಟುತ್ತಲೇ ಸೂರ್ಯ ಮುಳುಗುತ್ತಾನೆ. ನಾಲ್ಕೂವರೆಗೆ ಮನೆ ಬಿಟ್ಟರೆ ಸರಿಹೋಗುತ್ತದೆ. ಮುಳುಗಿದ ಮೇಲಿನ ಅರ್ಧ ತಾಸು ಸೊಳ್ಳೆಗಳದ್ದು. ಓಡೋಮಾಸ್ ಮರೆತರೆ ಚಂದ್ರನೂ ಬೇಡ, ಗಿರ್ಮಿಟ್ಟೂ ಬೇಡ ಅನಿಸುತ್ತದೆ.

ಹುಡುಗ ಕೇಳಿದ, ಈ ನದಿ ಎಲ್ಲಿಂದ ಬರ್ತದ? ಖಾನಾಪುರ ತಾಲೂಕಿನ ಭೀಮಗಡದ ಕಾಡಿನಿಂದ ಅಂದೆ. ನಮ್ಮ ಮಹದಾಯಿಯೇ ಇಲ್ಲಿ ಮಾಂಡೋವಿ. ಯಜಮಾನರು ತಟ್ಟೆಯಿಂದ ತಲೆ ಎತ್ತಿದರು. ಕಳಸಾ-ಬಂಡೂರಿ ಅಂತ ಹುಬ್ಬಳ್ಳಿಯಲ್ಲಿ ಬಂದ್ ಆದಾಗ ಅವರು ಬಸ್ಸಿಲ್ಲದೆ ನಿಲ್ದಾಣದಲ್ಲಿ ರಾತ್ರಿ ಕಳೆದಿದ್ದರು. "ಹಂಗಾರ ಆ ನೀರ ಇದ?" ಅಂದು ಬಹಳ ಹೊತ್ತು ನದಿ ನೋಡಿದರು. ಈ ದ್ವೀಪದಲ್ಲೇ ಗೋವಾ ಕದಂಬರ ಕುಲದೇವರು ಸಪ್ತಕೋಟೇಶ್ವರನ ಗುಡಿ ಇತ್ತು. ಪೋರ್ಚುಗೀಸರು ಕೆಡವಿದ ಮೇಲೆ ದೇವರು ನದಿಯಾಚೆ ನಾರ್ವೆ ಅನ್ನುವ ಹಳ್ಳಿಗೆ ಹೋದ. ಅಲ್ಲಿನ ಗುಡಿಯನ್ನು 1668ರಲ್ಲಿ ಶಿವಾಜಿ ಜೀರ್ಣೋದ್ಧಾರ ಮಾಡಿಸಿದ. ಗೋವಾ ಸರ್ಕಾರಿ ಬಸ್ಸಿನ ಮೇಲೆ ಕದಂಬ ಅಂತ ಬರೆದಿರುವುದು ಆ ಕದಂಬರ ಹೆಸರೇ.

ಏಳೂಕಾಲಿಗೆ ಎಬ್ಬಿಸಿದೆ. ಯಾರಿಗೂ ಏಳುವ ಮನಸ್ಸಿರಲಿಲ್ಲ, ಚಂದ್ರ ಅಷ್ಟು ಚೆನ್ನಾಗಿದ್ದ. ಆದರೂ 350 ರೂಪಾಯಿ ನೆನಪಿಸಿದೆ, ಎಲ್ಲರೂ ಎದ್ದರು. ಸಿಪ್ಪೆ, ಪೊಟ್ಟಣ ಎಲ್ಲ ಬಂದ ಚೀಲದಲ್ಲೇ ವಾಪಸ್.

ಬಸ್ಸಿನಲ್ಲಿ ಕೂತು ಲೆಕ್ಕ ಮಾಡಿದೆ. ಬಸ್ಸು ಹೋಗಿಬರಲು ನಾಲ್ವರಿಗೆ 160. ಪೊಯ್ 42, ಚುರಮುರಿ 30, ಶೇವು 20, ಈರುಳ್ಳಿ ನಿಂಬೆಹಣ್ಣು ಇತ್ಯಾದಿ 40. ಒಟ್ಟು 292. ಗೊಜ್ಜು, ಚಟ್ನಿ, ಮೊಸರು, ಚಹಾ ಮನೆಯದ್ದು, ಹಿಡಿಯಲಿಲ್ಲ.

ಅಕ್ಕ ಚೀಟಿ ಇಸಕೊಂಡು ನೋಡಿದರು.

"ನನ್ನ ಗ್ಯಾಸಿನ ಖರ್ಚ ಎಲ್ಲೈತಿ ಇದರಾಗ?"