ಹೊತ್ತು ನೋಡಿ ಹೊರಡಿ: ಬಾದಾಮಿಯ ಬಂಡೆ, ಎರೆಹೊಲ ಮತ್ತು ಮನೆಮಂದಿಯ ಚಿತ್ರಗಳು

ಬಾಗಲಕೋಟೆ ಜಿಲ್ಲೆಯಲ್ಲಿ ಕುಟುಂಬದೊಂದಿಗೆ ತಿರುಗಾಡಲು ಹೊರಟವರು ಬೆಳಿಗ್ಗೆ ಬಾದಾಮಿ, ಮಧ್ಯಾಹ್ನ ಪಟ್ಟದಕಲ್ಲು, ಸಂಜೆ ಐಹೊಳೆ ಎಂದು ಒಂದೇ ದಿನಕ್ಕೆ ಎಲ್ಲವನ್ನೂ ಮುಗಿಸಿಬಿಡುತ್ತಾರೆ. ನೋಡುವುದಕ್ಕೆ ಅದು ಸರಿ. ಆದರೆ ಮನೆಯವರ ಒಳ್ಳೆಯ ಚಿತ್ರಗಳು ಬೇಕಿದ್ದರೆ ಈ ಕ್ರಮ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಪ್ರತಿಯೊಂದು ಜಾಗಕ್ಕೂ ಬೆಳಕು ಚೆನ್ನಾಗಿ ಬೀಳುವ ತನ್ನದೇ ಹೊತ್ತಿರುತ್ತದೆ. ಒಂದು ದಿನಕ್ಕೆ ಒಂದೇ ಜಾಗವನ್ನು ಆರಿಸಿಕೊಂಡು, ಅದರ ಹೊತ್ತಿಗೆ ತಕ್ಕಂತೆ ಊಟ ಮತ್ತು ವಿಶ್ರಾಂತಿಯನ್ನು ಹೊಂದಿಸಿಕೊಳ್ಳಿ ಎಂಬುದೇ ನನ್ನ ಮೊದಲ ಸಲಹೆ.

ಬಾದಾಮಿಯನ್ನೇ ನೋಡಿ. ಅಗಸ್ತ್ಯತೀರ್ಥವೆಂಬ ಹೊಂಡದ ಪೂರ್ವದ ತುದಿಯಲ್ಲಿ ಭೂತನಾಥ ದೇವಾಲಯವಿದ್ದು, ಅದರ ಬೆನ್ನಿಗೆ ಕೆಂಪು ಮರಳುಗಲ್ಲಿನ ಬಂಡೆಗಳು ಎದ್ದಿವೆ. ಬೆಳಿಗ್ಗೆ ಸೂರ್ಯ ಆ ಬಂಡೆಗಳ ಹಿಂದಿರುವುದರಿಂದ ಗುಡಿಯೂ ದಂಡೆಯೂ ನೆರಳಿನಲ್ಲಿ ಮಂಕಾಗಿರುತ್ತವೆ, ಆಕಾಶ ಮಾತ್ರ ಬೆಳ್ಳಗೆ ಹೊಳೆಯುತ್ತದೆ. ಮಧ್ಯಾಹ್ನ ನಾಲ್ಕರ ನಂತರ ಪಡುವಣ ಬಿಸಿಲು ನೇರವಾಗಿ ಬಂಡೆಯ ಮುಖಕ್ಕೆ ಬಿದ್ದು, ಕಲ್ಲು ಕಾದ ಕಬ್ಬಿಣದ ಬಣ್ಣಕ್ಕೆ ತಿರುಗುತ್ತದೆ, ಅದರ ಪ್ರತಿಬಿಂಬ ನೀರಿನಲ್ಲಿಯೂ ಮೂಡುತ್ತದೆ. ಡಿಸೆಂಬರ್ ಮತ್ತು ಜನವರಿಯಲ್ಲಿ ಸಂಜೆ ಆರರ ಆಸುಪಾಸಿಗೆ ಸೂರ್ಯ ಮುಳುಗುವುದರಿಂದ, ನಾಲ್ಕೂವರೆಗೆ ದಂಡೆಯ ಮೇಲಿದ್ದರೆ ಸಾಕು. ಗುಹೆಗಳ ಮೆಟ್ಟಿಲು ಹತ್ತಲಾಗದ ಹಿರಿಯರು ಹೊಂಡದ ದಂಡೆಗುಂಟ ನಡೆದು ಇಲ್ಲಿಗೆ ಬರಬಹುದು. ಮೂರು ತಲೆಮಾರಿನ ಚಿತ್ರ ತೆಗೆಯಲು ಊರಿನಲ್ಲಿ ಇದಕ್ಕಿಂತ ಅನುಕೂಲದ ಜಾಗವಿಲ್ಲ.

ಇಲ್ಲಿ ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು, ಅಂದರೆ ಬೆಳಕಿಗೆ ತಕ್ಕಂತೆ ಬಣ್ಣ ಸರಿದೂಗಿಸುವ ಸೆಟ್ಟಿಂಗನ್ನು, ಆಟೋದಲ್ಲಿ ಬಿಡಬೇಡಿ. ಚೌಕಟ್ಟಿನ ತುಂಬ ಕೆಂಪೇ ಇರುವುದರಿಂದ ಯಂತ್ರವು ಅದನ್ನು ದೋಷವೆಂದು ತಿಳಿದು ತಿದ್ದಲು ಹೋಗುತ್ತದೆ. ಪರಿಣಾಮವಾಗಿ ಕಲ್ಲು ಸಪ್ಪೆಯಾಗಿ, ಮುಖಗಳು ನೀಲಿಗೆ ತಿರುಗುತ್ತವೆ. ಡೇಲೈಟ್ ಎಂದು ಸ್ಥಿರವಾಗಿ ಇಟ್ಟರೆ ಈ ತೊಂದರೆ ತಪ್ಪುತ್ತದೆ. ಅಜ್ಜನ ಬಿಳಿ ಧೋತರ ಮತ್ತು ರುಮಾಲು ಬಿಸಿಲಿನಲ್ಲಿ ವಿವರವೆಲ್ಲ ಕಳೆದುಕೊಂಡು ಬರೀ ಬಿಳಿಯ ತೇಪೆಯಾಗಿಬಿಡುವ ಸಾಧ್ಯತೆ ಇದೆ, ಆದ್ದರಿಂದ ಎಕ್ಸ್‌ಪೋಷರನ್ನು ಅರ್ಧದಿಂದ ಒಂದು ಸ್ಟಾಪಿನಷ್ಟು (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ) ಇಳಿಸಿಕೊಂಡು, ಮುಖದ ನೆರಳನ್ನು ಆಮೇಲೆ ಎಡಿಟಿಂಗಿನಲ್ಲಿ ಬೆಳಗಿಸಿಕೊಳ್ಳುವುದು ಕ್ಷೇಮ. ಬಟ್ಟೆಯ ಬಗ್ಗೆಯೂ ಮೊದಲೇ ಮಾತಾಡಿಕೊಳ್ಳಿ. ಕೆಂಪು ಇಳಕಲ್ ಸೀರೆ ಮನೆಯ ಅಂಗಳದಲ್ಲಿ ಎಷ್ಟೇ ಕಳೆಗಟ್ಟಿದರೂ ಕೆಂಬಂಡೆಯ ಮುಂದೆ ಕರಗಿಹೋಗುತ್ತದೆ; ಹಸಿರು ಅಥವಾ ಗಾಢ ನೀಲಿಯ ಒಡಲಿದ್ದು, ಟೋಪ ತೆನಿ ಎಂಬ ಇಳಕಲ್ ವಿನ್ಯಾಸದ ಕೆಂಪು ಸೆರಗಷ್ಟೇ ಹಿಂದಿನ ಕಲ್ಲಿಗೆ ಜೋಡಿಯಾದರೆ ಆ ಚೆಲುವೇ ಬೇರೆ.

ಬಂಡೆ ದೊಡ್ಡದಾಗಿ ಕಾಣಬೇಕೆಂದು ಮೊಬೈಲಿನ ಅಗಲ ಲೆನ್ಸ್ ಬಳಸುವವರೇ ಹೆಚ್ಚು. ಅದರಿಂದ ಆಗುವುದು ವ್ಯತಿರಿಕ್ತ: ಬಂಡೆ ಹಿಂದೆ ಸರಿದು ಕುಗ್ಗುತ್ತದೆ, ಅಂಚಿನಲ್ಲಿ ನಿಂತವರ ಮುಖ ಎಳೆದಂತಾಗುತ್ತದೆ. ನೀವೇ ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ಎರಡು ಅಥವಾ ಮೂರು ಪಟ್ಟು ಜೂಮ್ ಮಾಡಿದರೆ, ಕ್ಯಾಮೆರಾ ಇದ್ದವರು 85 ಮಿ.ಮೀ. ಅಥವಾ ಅದಕ್ಕಿಂತ ಉದ್ದದ ಲೆನ್ಸ್ ಹಾಕಿದರೆ, ಬಂಡೆ ಜನರ ಬೆನ್ನಿಗೇ ಬಂದು ನಿಲ್ಲುತ್ತದೆ.

ಸಂರಕ್ಷಿತ ಸ್ಮಾರಕಗಳೊಳಗೆ ಟ್ರೈಪಾಡ್ ಮತ್ತು ಡ್ರೋನ್ ಬಳಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಕೈಯಲ್ಲಿ ತಿನಿಸಿನ ಪ್ಲಾಸ್ಟಿಕ್ ಚೀಲ ಹಿಡಿದರೆ ಮಂಗಗಳು ಕಿತ್ತುಕೊಳ್ಳುತ್ತವೆ. ಹೊಂಡದ ಮೆಟ್ಟಿಲುಗಳ ಮೇಲೆ ಬಟ್ಟೆ ಒಗೆಯುವ ಹೆಣ್ಣುಮಕ್ಕಳು ನಿಮ್ಮ ಚಿತ್ರದ ಅಲಂಕಾರಕ್ಕೆ ಕುಳಿತವರಲ್ಲ. ಕೇಳದೆ ಅವರ ಕಡೆಗೆ ಲೆನ್ಸ್ ತಿರುಗಿಸುವ ಚಾಳಿ ನನಗೆ ಒಪ್ಪಿಗೆಯಿಲ್ಲ.

ಸ್ಮಾರಕಗಳಿಗಿಂತ ನಾನು ಹೆಚ್ಚು ಬೆಲೆ ಕೊಡುವುದು ಎಳ್ಳ ಅಮಾವಾಸ್ಯೆಯ ಹೊಲಕ್ಕೆ. ಡಿಸೆಂಬರ್ ಕೊನೆಗೋ ಜನವರಿಗೋ ಬರುವ ಆ ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು, ಚಕ್ಕಡಿಯಲ್ಲಿಯೋ ಟ್ರ್ಯಾಕ್ಟರಿನಲ್ಲಿಯೋ ಹೊಲಕ್ಕೆ ಹೋಗಿ, ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಬೆಳೆಯ ನಡುವೆ ಚರಗ, ಅಂದರೆ ಭೂಮಿತಾಯಿಯ ಎಡೆ, ಚೆಲ್ಲಿ, ಅಲ್ಲಿಯೇ ಕೂತು ಉಣ್ಣುತ್ತಾರೆ. ಪ್ರತಿಯೊಬ್ಬರ ಕೈಗೂ ಒಂದು ಕೆಲಸವಿರುವುದರಿಂದ, ಕ್ಯಾಮೆರಾ ಕಂಡೊಡನೆ ಸೆಟೆದು ನಿಲ್ಲುವ ಮನುಷ್ಯರು ಇಲ್ಲಿ ತಮ್ಮಷ್ಟಕ್ಕೆ ತಾವಿರುತ್ತಾರೆ. ಚಿತ್ರ ತೆಗೆಯುವವನು ಯಾರನ್ನೂ ನಿಲ್ಲಿಸದೆ, ಯಾರಿಗೂ ನಗು ಎನ್ನದೆ, ಮುಂದೇನು ನಡೆಯುತ್ತದೆಂದು ತಿಳಿದು ಒಂದು ಗಳಿಗೆ ಮೊದಲೇ ತನ್ನ ಜಾಗದಲ್ಲಿರಬೇಕು.

ಚರಗ ಚೆಲ್ಲುವಾಗ ಒಬ್ಬರು ಮುಂದೆ ಅನ್ನ ಎರಚುತ್ತ, ಇನ್ನೊಬ್ಬರು ಹಿಂದೆ ನೀರು ಚಿಮುಕಿಸುತ್ತ ‘ಹುಲಿಗ್ಯೋ’ ಎಂದು ಕೂಗಿಕೊಂಡು ಸಾಗುತ್ತಾರೆ. ಅವರ ಹಿಂದೆ ಓಡಿದರೆ ಬೆನ್ನುಗಳ ಚಿತ್ರವಷ್ಟೇ ಸಿಗುತ್ತದೆ. ಅವರು ತಿರುಗುವ ಬದುವಿನ ಮೂಲೆಯಲ್ಲಿ ಮೊದಲೇ ಹೋಗಿ, ಶಟರನ್ನು 1/1000 ಸೆಕೆಂಡಿಗೆ ಇಟ್ಟು ಮೊಣಕಾಲೂರಿ ಕುಳಿತುಕೊಳ್ಳಿ. ಎರಚಿದ ಅಗುಳು ಮತ್ತು ನೀರಿನ ಹನಿಗಳು ಆಕಾಶದ ಎದುರಿಗೆ ಬಿಡಿಬಿಡಿಯಾಗಿ ಕಾಣುತ್ತವೆ. ಹಿಂಗಾರಿ ಜೋಳ ಆ ಹೊತ್ತಿಗೆ ಆಳೆತ್ತರ ಬೆಳೆದಿದ್ದರೆ ಮಕ್ಕಳು ಅದರೊಳಗೆ ಮುಳುಗಿಹೋಗುವುದರಿಂದ, ಅವರ ಚಿತ್ರಗಳನ್ನು ಕಡಲೆ ಹೊಲದಲ್ಲಿ ತೆಗೆಯುವುದು ಒಳ್ಳೆಯದು. ಓಡುವ ಮಕ್ಕಳಿಗೆ 1/500ಕ್ಕಿಂತ ಕಡಿಮೆ ವೇಗ ಸಾಲದು.

ಊಟ ನಡುಹಗಲಿಗೇ ನಡೆಯುತ್ತದೆ, ಬೆಳಕಂತೂ ಕಠೋರವಾಗಿರುತ್ತದೆ. ಬೇವಿನ ಗಿಡದ ಕೆಳಗೆ ಎಲೆಗಳ ಸಂದಿನಿಂದ ಬೀಳುವ ಬಿಸಿಲಿನ ಚುಕ್ಕೆಗಳು ಮುಖವನ್ನು ಕೆಡಿಸುತ್ತವೆ. ಎಲ್ಲರೂ ಕೂರುವ ಮೊದಲೇ ಜಮಖಾನೆಯನ್ನು ದಟ್ಟ ನೆರಳಿನ ಕಡೆಗೆ ಎಳೆದು ಹಾಸಿದರೆ ಅರ್ಧ ಕೆಲಸ ಮುಗಿದಂತೆ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಗಳನ್ನು ಬಡಿಸುವ ಕೈಗಳನ್ನು ಹತ್ತಿರದಿಂದ ತೆಗೆಯಿರಿ. ಬಡಿಸುವ ತಾಯಂದಿರು ಕುಟುಂಬದ ಆಲ್ಬಮ್ಮುಗಳಲ್ಲಿ ಅತ್ಯಂತ ಕಡಿಮೆ ಕಾಣಿಸಿಕೊಳ್ಳುವವರು, ಆ ಲೋಪವನ್ನು ತಿದ್ದುವ ಅವಕಾಶ ಇದು. ಎಲ್ಲರೂ ಒಟ್ಟಿಗಿರುವ ಚಿತ್ರವನ್ನು ಊಟಕ್ಕೆ ಮುಂಚೆಯೇ, ಹಿಂದಿನ ಸಾಲಿನವರೂ ಸ್ಪಷ್ಟವಾಗಿ ಮೂಡುವಂತೆ ಎಫ್ 8 ಅಪರ್ಚರಿನಲ್ಲಿ ಮುಗಿಸಿಬಿಡಿ, ಊಟವಾದ ಮೇಲೆ ಯಾರೂ ಏಳುವುದಿಲ್ಲ.

ಹಕ್ಕಿಗಳ ಆಸೆ ಇರುವವರು ಫೆಬ್ರುವರಿ ನಂತರ, ಆಲಮಟ್ಟಿಯ ಹಿನ್ನೀರು ಇಳಿದು ಕೆಸರುದಂಡೆ ಬಯಲಾದಾಗ, ಹೆರಕಲ್ ಅಥವಾ ಚಿಕ್ಕಸಂಗಮದ ಕಡೆಗೆ ನಸುಕಿನಲ್ಲಿ ಹೋಗಬೇಕು. ರಾಜಹಂಸಗಳು (ಫ್ಲೆಮಿಂಗೊ) ಆ ಸುಮಾರಿಗೆ ಅಲ್ಲಿ ಮೇಯುತ್ತಿರುತ್ತವೆ. ಮಕ್ಕಳಿದ್ದರೆ ಕಾರಿನಿಂದ ಇಳಿಯದೆ ಕಿಟಕಿಯ ಮೇಲೆ ದಿಂಬಿಟ್ಟು ಲೆನ್ಸ್ ಊರಿಕೊಳ್ಳಿ. ಇಳಿದು ಹತ್ತಿರ ಹೋದರೆ ಹಿಂಡು ಏಳುತ್ತದೆ, ಅಲ್ಲದೆ ಒಣಗಿದಂತೆ ಕಾಣುವ ಆ ಕೆಸರಿನಲ್ಲಿ ಕಾಲು ಹೂತುಹೋಗುವ ಅಪಾಯವೂ ಇದೆ.

ತೆಗೆದ ಚಿತ್ರಗಳಲ್ಲಿ ಕೆಲವನ್ನಾದರೂ 8×12 ಇಂಚಿನಲ್ಲಿ ಮುದ್ರಿಸಿಕೊಳ್ಳಿ. ಹೊಳಪಿನ ಕಾಗದದ ಮೇಲೆ ಟ್ಯೂಬ್‌ಲೈಟ್ ಪ್ರತಿಫಲಿಸಿ ವಯಸ್ಸಾದವರಿಗೆ ಮುಖಗಳು ಸರಿಯಾಗಿ ಕಾಣುವುದಿಲ್ಲವಾದ್ದರಿಂದ ಮ್ಯಾಟ್ ಕಾಗದವನ್ನೇ ಕೇಳಿ.