ತೋಟದ ನೆರಳಿನ ಕೋಣೆಗೆ ಎರಡು ಬಿಳಿ

ತೀರ್ಥಹಳ್ಳಿ ಹತ್ತಿರದ ನಮ್ಮ ಹಂಚಿನ ಮನೆಯಲ್ಲಿ ಅಮ್ಮನ ಕೋಣೆಗೆ ಒಂದೇ ಕಿಟಕಿ. ಅದೂ ಉತ್ತರಕ್ಕೆ. ಹತ್ತು ಹೆಜ್ಜೆ ಇಟ್ಟರೆ ಅಡಿಕೆ ತೋಟ. ಮಳೆಗಾಲದಲ್ಲಿ ಮಧ್ಯಾಹ್ನ ಮೂರಕ್ಕೇ ದೀಪ ಬೇಕು. "ಕಿಟಕಿ ಪಕ್ಕ ಕೂತು ಹೂ ಕಟ್ಟೋಷ್ಟು ಬೆಳಕು ಇರ್ಲಿ" ಅಂದರು ಅಮ್ಮ.

ಆ ಕೋಣೆಯ ಗೋಡೆಗೆ ಹೊಸ ಪೇಂಟ್ ಹೊಡೆಸಬೇಕಿತ್ತು. ಶೇಡ್ ಕಾರ್ಡಿನಲ್ಲಿ ಕೊನೆಗೆ ಎರಡು ಬಣ್ಣ ಉಳಿದವು. ಒಂದು ಹಾಲಿನ ಕೆನೆಯ ಹಾಗೆ. ಇನ್ನೊಂದು ಚೂರೇ ಚೂರು ಬೂದು ಬೆರೆತ ಬಿಳಿ. ಶಿವಮೊಗ್ಗದ ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ನನಗೂ ವ್ಯತ್ಯಾಸ ಕಾಣಲಿಲ್ಲ. "ಎರಡೂ ಒಂದೇ ಅಕ್ಕಾ, ಯಾವ್ದಾದ್ರೂ ಹೊಡೀತೀನಿ" ಅಂದ ಪೇಂಟರ್. ಬೆಳಕನ್ನು ಎಷ್ಟು ವಾಪಸ್ ಕೊಡುತ್ತದೆ ಅನ್ನುವುದಕ್ಕೆ ಎಲ್‌ಆರ್‌ವಿ ಅಂತ ಒಂದು ಅಂಕೆ ಇರುತ್ತದೆ. 0 ಅಂದರೆ ಕಡುಕಪ್ಪು, 100 ಅಂದರೆ ಅಚ್ಚ ಬಿಳಿ. ನಮ್ಮ ಎರಡೂ 75ರ ಆಸುಪಾಸು. ಬೆಳಕಿನಲ್ಲಿ ಸಮ. ಹಾಗಾಗಿ ನೋಡಬೇಕಾದ್ದು ಒಳಗೆ ಅಡಗಿರುವ ಛಾಯೆ ಮಾತ್ರ.

ಹಳೇ ಗೋಡೆ ತಿಳಿನೀಲಿ. ಅದರ ಮೇಲೆ ಬಳಿದರೆ ಕೆನೆ ಬಣ್ಣ ಇರುವುದಕ್ಕಿಂತ ಹಳದಿಯಾಗಿ ಕಾಣುತ್ತದೆ. ಅದಕ್ಕೇ ಎರಡಡಿ ಪ್ಲೈವುಡ್ ತುಂಡುಗಳಿಗೆ ಬಿಳಿ ಪ್ರೈಮರ್ ಹೊಡೆದು, ಎರಡೆರಡು ಕೋಟ್ ಕೊಟ್ಟೆ. ಸುತ್ತ ಎರಡಿಂಚು ಬಿಳಿ ಬಿಟ್ಟೆ. ರಾತ್ರಿಯಿಡೀ ಒಣಗಲಿ ಅಂತ ಇಟ್ಟೆ. ಹಸಿ ಪೇಂಟಿನ ಬಣ್ಣ ನಂಬಬಾರದು.

ಇದು ಸೆಪ್ಟೆಂಬರಿನಲ್ಲಿ. ಬೇಕಂತಲೇ ಮೋಡದ ದಿನಗಳಲ್ಲಿ ನೋಡಿದೆ. ಬೂದು ಬಿಳಿ ಕಿಟಕಿಯ ಎದುರು ಗೋಡೆಯಲ್ಲಿ ಹಸಿರಿಗೆ ತಿರುಗಿತು! ತೋಟದ ಎಲೆಗಳ ಮೇಲೆ ಬಿದ್ದು ಬರುವ ಬೆಳಕಲ್ವಾ, ಬೂದು ಅದನ್ನು ಹಾಗೇ ತೋರಿಸಿಬಿಡುತ್ತದೆ. ಗೋಡೆಗೆ ಪಾಚಿ ಹತ್ತಿದ ಹಾಗಿತ್ತು. ಕೆನೆ ಬಣ್ಣದಲ್ಲಿ ಆ ಹಸಿರು ಅಡಗಿತು. ಆದರೆ ಕೆಳಗೆ ಇಟ್ಟಾಗ ರೆಡ್ ಆಕ್ಸೈಡ್ ನೆಲದ ಕೆಂಪು ಹತ್ತಿ ನಸುಗೆಂಪಾಯಿತು. ಅದು ನನಗೆ ತುಂಬಾ ಹಿಡಿಸಿತು.

ಕಷ್ಟ ಬಂದದ್ದು ಸಂಜೆ. ಬಲ್ಬಿನ ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ, ಅಂಕೆ ಕಡಿಮೆಯಾದಷ್ಟೂ ಹಳದಿ. 2700 ಕೆಲ್ವಿನ್‌ನ ಹಳದಿ ಬಲ್ಬಿನ ಕೆಳಗೆ ಕೆನೆ ಬಣ್ಣ ಅರಿಶಿನ ಕಲಸಿದ ಹಾಗೆ ಕಂಡಿತು. 4000 ಕೆಲ್ವಿನ್ ಬಲ್ಬ್ ಹಾಕಿದೆ, ಸರಿಹೋಯಿತು. ಬಲ್ಬ್ ಬದಲಿಸಬಹುದು, ತೋಟ ಕಡಿಯೋಕಾಗುತ್ತಾ? ಕೆನೆ ಬಣ್ಣವೇ ಅಂತ ಆಯಿತು.

ಗೋಡೆ ಪೂರ್ತಿ ಒಣಗಲಿ ಅಂತ ಜನವರಿವರೆಗೆ ಕಾದು ಹೊಡೆಸಿದೆವು. ಪ್ಲೈವುಡ್ ತುಂಡುಗಳನ್ನು ಎಸೆದಿಲ್ಲ. ಜಗಲಿಯಲ್ಲಿ ಬಿಸಿಲು ಜಾಸ್ತಿ, ತೋಟವೂ ದೂರ. ಅಲ್ಲಿಗೆ ಬೂದು ಬಿಳಿ ಒಪ್ಪಬಹುದು ಅನ್ನಿಸುತ್ತಿದೆ. ಈಗ ಅಲ್ಲಿ ಒರಗಿಸಿ ನೋಡುತ್ತಿದ್ದೇನೆ.